ಟ್ರೈಲರ್ ಎಳೆಯುವ ಮೊದಲು ಒಂದು ತೂಕದ ಚೀಟಿ: ವಾಲ್ಕಾಟ್‌ನ ಕ್ಯಾಟ್ ಸ್ಕೇಲ್ ನಮಗೆ ಕೊಟ್ಟಿದ್ದೇನು

ನಮ್ಮ ಮನೆ ಫ್ರಿಜ್ ಮೇಲೆ ಮೂರು ತೂಕದ ಚೀಟಿಗಳನ್ನು ಅಂಟಿಸಿದ್ದೇನೆ. ಜೂನ್ ತಿಂಗಳ ಒಂದು ಭಾನುವಾರ ಬೆಳಗ್ಗೆ, ಅಮೆರಿಕದ ಅಯೋವಾ ರಾಜ್ಯದ ವಾಲ್ಕಾಟ್‌ನಲ್ಲಿ ತಗೊಂಡಿದ್ದು. ಲಾರಿಗಳನ್ನು ತೂಗುವ ಕ್ಯಾಟ್ ಸ್ಕೇಲ್ ಮೇಲೆ ನಮ್ಮ ಸಿಯೆನಾ ಕಾರು ಮತ್ತು ಅದರ ಹಿಂದೆ ಕಟ್ಟಿಕೊಂಡು ಕ್ಯಾಂಪಿಂಗ್‌ಗೆ ಹೋಗುವ, ಒಳಗೆ ಮಂಚ, ಅಡುಗೆ ಜಾಗ ಇರುವ ಪುಟ್ಟ ಟ್ರೈಲರ್ ನಿಲ್ಲಿಸಿ ತೂಗಿಸಿದೆವು. ಮೂರೂ ಚೀಟಿಗೆ ಸೇರಿ ಇಪ್ಪತ್ತೈದು ಡಾಲರ್ ಆಸುಪಾಸು ಆಯಿತು. ಈ ವರ್ಷ ಟ್ರೈಲರ್‌ಗೆ ಅಂತ ಸುರಿದ ದುಡ್ಡಿನಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ನೆಮ್ಮದಿ ಕೊಟ್ಟಿದ್ದು ಇದೇ. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ನಾವಿರುವುದು ಸೀಡರ್ ರ‍್ಯಾಪಿಡ್ಸ್‌ನಲ್ಲಿ. ಕಾರು 2017ರ ಟೊಯೋಟಾ ಸಿಯೆನಾ, 3.5 ಲೀಟರ್ ವಿ6 ಇಂಜಿನ್. ಇದು ಎಳೆಯಬಹುದಾದ ಮಿತಿ 3,500 ಪೌಂಡ್, ಅಂದರೆ ಸುಮಾರು 1,590 ಕೆಜಿ. ಟ್ರೈಲರ್ 16 ಅಡಿಯದು, ಫೈಬರ್‌ಗ್ಲಾಸ್, ಸೆಕೆಂಡ್ ಹ್ಯಾಂಡ್. ಮಾರಿದವರು ಕೊಟ್ಟ ಹಾಳೆಯಲ್ಲಿ ಒಣ ತೂಕ, ಅಂದರೆ ನೀರು, ಸಾಮಾನು ಏನೂ ಇಲ್ಲದ ಖಾಲಿ ಟ್ರೈಲರ್ ತೂಕ, 2,250 ಪೌಂಡ್ ಅಂತಿತ್ತು. ‘ಸಿಯೆನಾ ಆರಾಮಾಗಿ ಎಳೆಯುತ್ತೆ, ಇನ್ನೂ ಸಾವಿರಕ್ಕೂ ಜಾಸ್ತಿ ಪೌಂಡ್ ಜಾಗ ಇದೆ’ ಅಂದರು. ನಾವೂ ನಂಬಿದೆವು.

ಚಳಿಗಾಲ ಮುಗಿದ ಮೇಲೆ ಎಲ್ಲರೂ ಮಾಡುವ ಕೆಲಸಗಳನ್ನು ನಾವೂ ಮಾಡಿದೆವು. ಟ್ರೈಲರ್ ಟೈರ್‌ನ ಬದಿಯಲ್ಲಿ ಡಾಟ್ ನಂಬರ್ ಇರುತ್ತದಲ್ಲ, ಅದರ ಕೊನೆಯ ನಾಲ್ಕು ಅಂಕಿ ನೋಡಿದರೆ ತಯಾರಾದ ವಾರ ಮತ್ತು ವರ್ಷ ಗೊತ್ತಾಗುತ್ತದೆ. ನಮ್ಮದರಲ್ಲಿ 2314 ಅಂತಿತ್ತು. 2014ರ ಇಪ್ಪತ್ಮೂರನೇ ವಾರದ್ದು. ಟೈರಿನ ಮೇಲ್ಮೈ ಸವೆಯದೆ ಚೆನ್ನಾಗೇ ಕಾಣುತ್ತಿತ್ತು, ಆದರೂ ಎರಡನ್ನೂ ತೆಗೆಸಿ ಹೊಸದು ಹಾಕಿಸಿದೆ. ಟ್ರೈಲರ್ ಟೈರ್ ಸವೆಯುವುದಕ್ಕಿಂತ ಮೊದಲೇ ವಯಸ್ಸಾಗಿ ಹೋಗುತ್ತದೆ. ಬೇರಿಂಗ್ ಬಿಚ್ಚಿಸಿ ಹೊಸ ಗ್ರೀಸ್ ತುಂಬಿಸಿದೆವು. ಟ್ರೈಲರ್‌ನ ಎಲೆಕ್ಟ್ರಿಕ್ ಬ್ರೇಕ್‌ಗೆ ಕಾರಿನಲ್ಲಿ ಏಳು ಪಿನ್ನಿನ ಸಾಕೆಟ್ ಮತ್ತು ಪ್ರಾಡಿಜಿ ಪಿ3 ಕಂಟ್ರೋಲರ್ ಕೂರಿಸಿಕೊಂಡೆವು. ಆ ಕಂಟ್ರೋಲರ್ ಬಗ್ಗೆಯೂ ಒಳ್ಳೆ ಮಾತೇ ಹೇಳಬೇಕು. ನಾನು ಬ್ರೇಕ್ ಎಷ್ಟು ಒತ್ತುತ್ತೇನೋ ಅಷ್ಟೇ ಹದದಲ್ಲಿ ಟ್ರೈಲರ್ ಕೂಡ ಹಿಡಿಯುತ್ತದೆ, ಹಿಂದಿನಿಂದ ದೂಕಿದ ಹಾಗೆ ಆಗುವುದಿಲ್ಲ.

ಇಷ್ಟೆಲ್ಲ ಮಾಡಿ ಮೇ ತಿಂಗಳಲ್ಲಿ ಮೊದಲ ಸಲ ಹೊರಟಿದ್ದು ಲೇಕ್ ಮ್ಯಾಕ್‌ಬ್ರೈಡ್‌ಗೆ. ಮನೆಯಿಂದ ಹತ್ತಿರವೇ. ಆಗತಾನೇ ದಾವಣಗೆರೆಯಿಂದ ಬಂದಿದ್ದ ಅಪ್ಪಾಜಿ ಹಿಂದಿನ ಸೀಟಿನಲ್ಲಿ ಮೊಮ್ಮಗಳ ಪಕ್ಕ ಕೂತಿದ್ದರು. ಹೈವೇ 380ರಲ್ಲಿ ದೊಡ್ಡ ಲಾರಿಯೊಂದು ನಮ್ಮನ್ನು ದಾಟಿ ಮುಂದೆ ಹೋಯಿತು. ಅದರ ಗಾಳಿಗೆ ಟ್ರೈಲರ್ ಬಲಕ್ಕೆ ಒಮ್ಮೆ, ಎಡಕ್ಕೆ ಒಮ್ಮೆ ಬಾಲ ಅಲ್ಲಾಡಿಸಿದ ಹಾಗೆ ಆಡಿತು. ಸ್ಟೀರಿಂಗ್ ಕೈಯಲ್ಲೇ ತಿರುಗಿದಂತಾಯಿತು. ಆಕ್ಸಿಲರೇಟರ್ ಬಿಟ್ಟೆ. ಕಾರಿನ ಬ್ರೇಕ್ ಮುಟ್ಟದೆ, ಪಿ3ಯ ಕೈ ಲಿವರ್ ಒತ್ತಿ ಟ್ರೈಲರ್ ಬ್ರೇಕ್ ಮಾತ್ರ ಹಿಡಿದೆ. ನಾಲ್ಕೈದು ಸೆಕೆಂಡಿಗೆ ಸರಿಹೋಯಿತು. ಆಮೇಲೆ ಗಂಟೆಗೆ ಐವತ್ತೈದು ಮೈಲಿ ದಾಟಿಸಲಿಲ್ಲ. ಕೈ ನಡುಗುತ್ತಿತ್ತು.

ಕ್ಯಾಂಪಿಗೆ ಹೋಗಿ ಇಳಿದ ಕೂಡಲೇ ಅಪ್ಪಾಜಿ ಟ್ರೈಲರ್ ಸುತ್ತ ಒಂದು ಸುತ್ತು ಹಾಕಿದರು. ಒಳಗೆ ಹತ್ತಿ ನೋಡಿದರು. ಬಂದು ಹೇಳಿದ್ದು ಒಂದೇ ಮಾತು: ‘ಹಿಂಭಾರ ಆಗೈತಿ ಪುಟ್ಟಿ. ಮೂಕಿ ಎತ್ತಾಡ್ತೈತಿ.’

ಎತ್ತಿನ ಗಾಡಿ ಹೇರಿದವರಿಗೆ ಈ ಮಾತು ತಕ್ಷಣ ತಿಳಿಯುತ್ತದೆ. ಹೇರು ಅಚ್ಚಿನ ಹಿಂದಕ್ಕೆ ಹೋದರೆ ಮೂಕಿ, ಅಂದರೆ ಗಾಡಿಯಿಂದ ನೊಗದವರೆಗೆ ಚಾಚಿದ ಮರ, ಮೇಲೇಳುತ್ತದೆ, ನೊಗ ಎತ್ತಿನ ಕೊರಳನ್ನು ಮೇಲಕ್ಕೆ ಎಳೆಯುತ್ತದೆ. ಮುಂದಕ್ಕೆ ಜಾಸ್ತಿಯಾದರೆ ಮುಂಭಾರ, ಎತ್ತಿನ ಹೆಗಲು ಕುಸಿಯುತ್ತದೆ. ಟ್ರೈಲರ್‌ನವರು ಟಂಗ್ ವೇಟ್ ಅನ್ನುವುದು ಇದನ್ನೇ. ಹಿಚ್ಚಿನ, ಅಂದರೆ ಕಾರಿನ ಹಿಂದೆ ಟ್ರೈಲರ್ ಸಿಕ್ಕಿಸುವ ಕೊಂಡಿಯ, ಗುಂಡಿನ ಮೇಲೆ ಟ್ರೈಲರ್ ಎಷ್ಟು ಭಾರ ಊರುತ್ತದೆ ಅನ್ನುವ ಲೆಕ್ಕ. ಇಂಥ ಟ್ರೈಲರ್‌ಗಳಲ್ಲಿ ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಭಾಗ ಅಲ್ಲಿ ಕೂರಬೇಕು. ಕಡಿಮೆಯಾದರೆ ಬಾಲ ಅಲ್ಲಾಡುತ್ತದೆ. ಜಾಸ್ತಿಯಾದರೆ ಕಾರಿನ ಹಿಂಭಾಗ ಕುಸಿದು, ಮುಂದಿನ ಚಕ್ರದ ಹಿಡಿತ ಸಡಿಲವಾಗುತ್ತದೆ. ಸಿಯೆನಾದಲ್ಲಿ ಇದರ ಮಿತಿ 350 ಪೌಂಡ್.

ಅಪ್ಪಾಜಿ ದಾವಣಗೆರೆಯಲ್ಲಿ ಮೂವತ್ತು ವರ್ಷ ಮೆಕ್ಕೆಜೋಳದ ಮಂಡಿ ನಡೆಸಿದವರು. ‘ವೇ ಬ್ರಿಡ್ಜ್ ಎಲ್ಲೈತಿ ಇಲ್ಲಿ?’ ಅಂತ ಕೇಳಿದರು. ಹೀಗಾಗಿ ನಾವು ವಾಲ್ಕಾಟ್‌ಗೆ ಹೋಗಿದ್ದು.

ವಾಲ್ಕಾಟ್ ಇರುವುದು ಹೈವೇ 80ರಲ್ಲಿ, ನಮ್ಮ ಮನೆಯಿಂದ ಒಂದೂಕಾಲು ಗಂಟೆ ದಾರಿ. ಅಲ್ಲಿನ ಅಯೋವಾ 80 ಜಗತ್ತಿನ ಅತಿ ದೊಡ್ಡ ಟ್ರಕ್ ಸ್ಟಾಪ್ ಅಂತ ಹೆಸರಾದದ್ದು. ಕ್ಯಾಟ್ ಸ್ಕೇಲ್ ಕಂಪನಿ 1977ರಲ್ಲಿ ಶುರುವಾಗಿದ್ದು, ಅದರ ಮುಖ್ಯ ಕಚೇರಿಯೂ ಇದೇ ಊರಿನಲ್ಲಿ. ಈಗ ಅಮೆರಿಕ ಮತ್ತು ಕೆನಡಾ ಸೇರಿ ಎರಡು ಸಾವಿರಕ್ಕೂ ಹೆಚ್ಚು ಕಡೆ ಅವರ ಸ್ಕೇಲ್ ಇದೆ. ತೂಗಿಸಲು ಇಷ್ಟು ದೂರ ಬರಬೇಕಂತೇನೂ ಇಲ್ಲ. ಪಕ್ಕದಲ್ಲೇ ಹಳೇ ಲಾರಿಗಳ ಮ್ಯೂಸಿಯಂ ಇದೆ, ಒಳಗೆ ಹೋಗಲು ದುಡ್ಡಿಲ್ಲ, ಅದನ್ನು ಅಪ್ಪಾಜಿಗೆ ತೋರಿಸಬೇಕು ಅಂತ ನನಗೆ ಆಸೆಯಿತ್ತು.

ಮನೆಯಿಂದಲೇ ಕ್ಯಾಂಪಿಗೆ ಹೋಗುವ ಹಾಗೆ ಪೂರ್ತಿ ಹೇರಿಕೊಂಡು ಹೊರಟೆವು. ಇದು ಮುಖ್ಯ. ಖಾಲಿ ಟ್ರೈಲರ್ ತೂಗಿಸಿ ಏನು ಉಪಯೋಗ, ಅಲ್ವಾ? ನೀರಿನ ಟ್ಯಾಂಕ್ ತುಂಬಿತ್ತು. ಗ್ಯಾಸ್ ಸಿಲಿಂಡರ್ ತುಂಬಿತ್ತು. ಸೋನಾ ಮಸೂರಿ ಅಕ್ಕಿಯ ಚೀಲ, ಬೀಡಿನ ದೋಸೆ ಹೆಂಚು, ಎರಡು ಕುಕ್ಕರ್, ಮಿಕ್ಸಿ, ಹಾಸಿಗೆ ಎಲ್ಲವೂ ಇದ್ದವು.

ಸ್ಕೇಲ್ ಮೇಲೆ ಉದ್ದಕ್ಕೆ ಬೇರೆ ಬೇರೆ ಪ್ಲೇಟುಗಳಿರುತ್ತವೆ. ಮೊದಲ ಪ್ಲೇಟಿನ ಮೇಲೆ ಕಾರಿನ ಮುಂದಿನ ಚಕ್ರ, ಎರಡನೆಯದರ ಮೇಲೆ ಹಿಂದಿನ ಚಕ್ರ, ಮೂರನೆಯದರ ಮೇಲೆ ಟ್ರೈಲರ್ ಚಕ್ರ. ಪ್ಲೇಟುಗಳ ನಡುವಿನ ಗೆರೆ ನೋಡಿಕೊಂಡು ಮೆಲ್ಲಗೆ ನಿಲ್ಲಿಸಿದರೆ ಸಾಕು. ಮಾತಾಡುವ ಗುಂಡಿ ಲಾರಿ ಡ್ರೈವರ್ ಕೂರುವ ಎತ್ತರಕ್ಕಿರುತ್ತದೆ, ಕಾರಿನ ಕಿಟಕಿಯಿಂದ ನನ್ನ ಕೈಗೆ ಎಟುಕಲಿಲ್ಲ. ಇಳಿದು ಒತ್ತಿದೆ. ‘ಮೊದಲ ತೂಕವಾ, ಮರು ತೂಕವಾ?’ ಅಂತ ಒಂದು ಹೆಣ್ಣುದನಿ ಕೇಳಿತು. ಕಂಪನಿ ಹೆಸರು ಕೇಳಿದಾಗ ಆರ್‌ವಿ (ಕ್ಯಾಂಪಿಂಗ್ ಗಾಡಿ) ಅಂದೆ. ಹತ್ತಿ ಕೂತೆ. ಅರ್ಧ ನಿಮಿಷದಲ್ಲಿ ‘ಆಯ್ತು, ಒಳಗೆ ಬಂದು ಚೀಟಿ ತಗೊಳ್ಳಿ’ ಅಂದರು. ಹಿಂದೆ ಲಾರಿಯವರು ಕಾಯುತ್ತಿರುತ್ತಾರೆ, ಹಾಗಾಗಿ ಮೊದಲು ಗಾಡಿ ಪಕ್ಕಕ್ಕೆ ಹಾಕಿ, ಆಮೇಲೆ ಚೀಟಿಗೆ ಹೋಗಬೇಕು. ಫೋನಿನಲ್ಲಿ ‘ವೇ ಮೈ ಟ್ರಕ್’ ಆಪ್ ಇದ್ದರೆ ಗುಂಡಿಯೂ ಬೇಡ, ಕೌಂಟರೂ ಬೇಡ, ಚೀಟಿ ಫೋನಿಗೇ ಬರುತ್ತದೆ. ನಾವು ಕಾಗದದ್ದೇ ತಗೊಂಡೆವು. ಅಪ್ಪಾಜಿಗೆ ಚೀಟಿ ಕೈಗೆ ಸಿಗಬೇಕು.

ಮೊದಲ ಚೀಟಿ: ಮುಂದಿನ ಚಕ್ರ 2,680, ಹಿಂದಿನ ಚಕ್ರ 2,660, ಟ್ರೈಲರ್ ಚಕ್ರ 2,880. ಒಟ್ಟು 8,220 ಪೌಂಡ್.

ನಾನು ಅಷ್ಟಕ್ಕೇ ಹೊರಡುತ್ತಿದ್ದೆನೇನೋ. ಅಪ್ಪಾಜಿ ಬಿಡಲಿಲ್ಲ. ‘ಲೋಡ್ ತೂಕ ಆತು. ಖಾಲಿ ಗಾಡಿ ತೂಕ ಎಲ್ಲಿ? ಎರಡೂ ಇಲ್ದೆ ಲೆಕ್ಕ ಹೆಂಗವ್ವಾ?’ ಅಂದರು. ಮಂಡಿಗೆ ಬಂದ ಲಾರಿಯನ್ನು ಕಾಳು ಇಳಿಸುವ ಮೊದಲು ಒಮ್ಮೆ, ಇಳಿಸಿದ ಮೇಲೆ ಒಮ್ಮೆ ತೂಗುವುದು ಅವರಿಗೆ ಉಸಿರಾಟದಷ್ಟು ಸಹಜ. ಟ್ರೈಲರ್ ಅನ್ನು ಪಾರ್ಕಿಂಗ್‌ನಲ್ಲಿ ಬಿಚ್ಚಿ, ಚಕ್ರಕ್ಕೆ ಕಟ್ಟೆ ಕೊಟ್ಟು, ಕಾರು ಮಾತ್ರ ತೂಗಿಸಿದೆವು. ಅದೇ ನಾಲ್ಕು ಜನ, ಅದೇ ಸಾಮಾನು. ಮಗಳು ಇಳಿದು ಓಡಲು ನೋಡಿದಳು, ನನ್ನ ಗಂಡ ಹಿಡಿದು ಕೂರಿಸಿಕೊಂಡರು. ಇಪ್ಪತ್ನಾಲ್ಕು ಗಂಟೆಯೊಳಗಿನ ಮರು ತೂಕಕ್ಕೆ ದುಡ್ಡು ತುಂಬ ಕಡಿಮೆ, ಐದು ಡಾಲರ್ ಆಸುಪಾಸು. ಎರಡನೇ ಚೀಟಿ: ಮುಂದೆ 2,760, ಹಿಂದೆ 2,380. ಒಟ್ಟು 5,140.

ಚೀಟಿಯ ಹಿಂದೆಯೇ ಪೆನ್ನಿನಲ್ಲಿ ಲೆಕ್ಕ ಹಾಕಿದೆವು. ಟ್ರೈಲರ್ ಕಟ್ಟಿದಾಗ ಕಾರಿನ ಎರಡೂ ಅಚ್ಚಿನ ಮೇಲೆ 5,340, ಬಿಚ್ಚಿದಾಗ 5,140. ಅಂದರೆ ಟಂಗ್ ವೇಟ್ ಬರೀ 200. ಟ್ರೈಲರ್‌ನ ಒಟ್ಟು ತೂಕ 2,880ಕ್ಕೆ 200 ಕೂಡಿಸಿದರೆ 3,080. ಹಾಳೆಯಲ್ಲಿದ್ದ 2,250ಕ್ಕಿಂತ 830 ಪೌಂಡ್ ಜಾಸ್ತಿ! ಎಸಿ, ಬ್ಯಾಟರಿ, ನೆರಳಿನ ಬಟ್ಟೆ, ಸಿಲಿಂಡರ್, ನೀರು, ನಮ್ಮ ಅಡುಗೆಮನೆ. ಯಾವುದೂ ಆ ಒಣ ತೂಕದಲ್ಲಿ ಸೇರಿರಲಿಲ್ಲ. ಟಂಗ್ ವೇಟ್ ನೂರಕ್ಕೆ ಆರೂವರೆ ಭಾಗ. 380ರಲ್ಲಿ ಬಾಲ ಯಾಕೆ ಅಲ್ಲಾಡಿತು ಅನ್ನುವುದು ನನ್ನ ಕೈಯಲ್ಲಿದ್ದ ಕಾಗದದಲ್ಲಿತ್ತು.

ಆಮೇಲಿನ ಒಂದು ಗಂಟೆ ಕೂಲಿ ಕೆಲಸ. ನಮ್ಮ ಟ್ರೈಲರ್‌ನಲ್ಲಿ ನೀರಿನ ಟ್ಯಾಂಕ್ ಹಿಂದಿನ ಮಂಚದ ಕೆಳಗಿದೆ. ಹನ್ನೆರಡು ಗ್ಯಾಲನ್, ಅಂದರೆ ಅದೊಂದೇ ನೂರು ಪೌಂಡ್. ಕ್ಯಾಂಪಿನಲ್ಲಿ ನಲ್ಲಿ ಇದ್ದೇ ಇರುತ್ತದೆ, ದಾರಿಯುದ್ದಕ್ಕೂ ನೀರು ಹೊತ್ತು ತಿರುಗುವುದು ಸುಮ್ನೆ. ಹುಲ್ಲಿನ ಪಕ್ಕ ನಿಲ್ಲಿಸಿ ಟ್ಯಾಂಕ್ ಖಾಲಿ ಮಾಡಿದೆವು. ಹಿಂದಿನ ಮಂಚದ ಕೆಳಗೇ ಅಕ್ಕಿ ಚೀಲ, ಹೆಂಚು, ಕುಕ್ಕರ್‌ಗಳು, ಟೂಲ್ ಬಾಕ್ಸ್, ನೀರಿನ ಬಾಟಲಿ ಕೇಸು ತುರುಕಿದ್ದೆವು. ಅದೂ ನೂರು ಪೌಂಡ್ ಆಗುತ್ತದೆ. ಎಲ್ಲವನ್ನೂ ಹೊರಗೆ ತೆಗೆದು, ಅಚ್ಚಿನ ಮುಂದೆ, ಊಟದ ಮೇಜಿನ ಕೆಳಗೆ ನೆಲಕ್ಕೆ ಇಟ್ಟೆವು. ಅಪ್ಪಾಜಿ ಬಾಗಿಲಲ್ಲಿ ನಿಂತು ಹೇಳುತ್ತಿದ್ದರು, ನಾವು ಸರಿಸುತ್ತಿದ್ದೆವು. ಹೆಂಚನ್ನು ಗೋಡೆಗೆ ಒರಗಿಸಲು ಹೋದೆ. ‘ಮಲಗಿಸು, ಬ್ರೇಕ್ ಹೊಡೆದ್ರೆ ಅದೇ ಮೊದ್ಲು ಹಾರೋದು’ ಅಂದರು. ಹಳೇ ಟವೆಲ್ ಸುತ್ತಿ ಮಲಗಿಸಿದೆ.

ಮತ್ತೆ ಕಟ್ಟಿಕೊಂಡು ಮೂರನೇ ಸಲ ಸ್ಕೇಲ್ ಹತ್ತಿದೆವು. ಮುಂದಿನ ಚಕ್ರ 2,620, ಹಿಂದಿನದು 2,840, ಟ್ರೈಲರ್ 2,660. ಟಂಗ್ ವೇಟ್ 320, ಟ್ರೈಲರ್ ಒಟ್ಟು 2,980. ನೂರಕ್ಕೆ ಹತ್ತು ಭಾಗಕ್ಕಿಂತ ಸ್ವಲ್ಪ ಮೇಲೆ, 350ರ ಒಳಗೆ. ಕಾರಿನ ಬಾಗಿಲ ಕಂಬದ ಸ್ಟಿಕರ್‌ನಲ್ಲಿ ಪ್ರತಿ ಅಚ್ಚಿನ ಮಿತಿ ಬರೆದಿರುತ್ತದೆ, ಅದರ ಜೊತೆಯೂ ಹೋಲಿಸಿ ನೋಡಿದೆ. ಎರಡೂ ಮಿತಿಯೊಳಗೇ ಇದ್ದವು.

ಅಂಕಿಗಳು ಇಪ್ಪತ್ತು ಪೌಂಡಿನ ಹೆಜ್ಜೆಯಲ್ಲಿ ಬರುತ್ತವೆ, ಹಾಗಾಗಿ ಒಂದೆರಡು ಪೌಂಡಿನ ಸೂಕ್ಷ್ಮ ಲೆಕ್ಕಕ್ಕೆ ಇದು ಅಲ್ಲ. ಎಡ ಚಕ್ರಕ್ಕೆ ಎಷ್ಟು, ಬಲ ಚಕ್ರಕ್ಕೆ ಎಷ್ಟು ಅನ್ನುವುದೂ ಗೊತ್ತಾಗುವುದಿಲ್ಲ. ಒಂದೇ ಬದಿಗೆ ಅಡುಗೆಕಟ್ಟೆ, ಫ್ರಿಜ್ ಎಲ್ಲ ಇರುವ ಟ್ರೈಲರ್ ಆದರೆ ಅದನ್ನು ಬೇರೆ ರೀತಿ ನೋಡಿಕೊಳ್ಳಬೇಕು. ಆದರೆ ಅಂಕಿಯ ಮೇಲಿನ ನಂಬಿಕೆಗೆ ಕೊರತೆಯಿಲ್ಲ. ಅವರ ಚೀಟಿ ನಂಬಿ ಹೋದ ಲಾರಿಗೆ ಮುಂದೆ ಓವರ್‌ಲೋಡ್ ದಂಡ ಬಿದ್ದರೆ, ತಪ್ಪು ತಮ್ಮ ಸ್ಕೇಲಿನದಾದರೆ ಕಂಪನಿ ದಂಡ ತುಂಬಿಕೊಡುತ್ತದೆ. ಸ್ಕೇಲ್ ಸರಿಯಿತ್ತು ಅನ್ನಿಸಿದರೆ ಡ್ರೈವರ್ ಪರವಾಗಿ ಕೋರ್ಟಿಗೆ ಸಾಕ್ಷಿ ಹೇಳಲು ಬರುತ್ತದೆ. ಇದನ್ನು ಕೇಳಿ ಅಪ್ಪಾಜಿ ಚೀಟಿಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು.

ಮ್ಯೂಸಿಯಂ ನೋಡಿಕೊಂಡು, ಡ್ಯಾವೆನ್‌ಪೋರ್ಟ್ ದಾಟಿ ಹೈವೇ 61 ಹಿಡಿದು ಮಕೋಕಟಾ ಗುಹೆಗಳ ಪಾರ್ಕಿಗೆ ಹೋದೆವು. ದಾರಿಯಲ್ಲಿ ಮೂರು ದೊಡ್ಡ ಲಾರಿ ನಮ್ಮನ್ನು ದಾಟಿದವು. ಮೊದಲನೆಯದು ಹತ್ತಿರ ಬಂದಾಗ ಸ್ಟೀರಿಂಗ್ ಗಟ್ಟಿಯಾಗಿ ಹಿಡಿದೆ. ಗಾಳಿ ಬಡಿಯಿತು, ಕಾರೂ ಟ್ರೈಲರೂ ಒಟ್ಟಿಗೆ ಒಂದಿಷ್ಟು ಸರಿದವು, ಅಷ್ಟೇ. ಕನ್ನಡಿಯಲ್ಲಿ ನೋಡಿದೆ, ಟ್ರೈಲರ್ ನೇರವಾಗಿ ಬರುತ್ತಿತ್ತು. ಮೂರನೇ ಲಾರಿ ದಾಟುವ ಹೊತ್ತಿಗೆ ಅಪ್ಪಾಜಿ ನಿದ್ದೆ ಹೋಗಿದ್ದರು.

ಊರಿಗೆ ಹೊರಡುವ ಮುಂಚೆ ಅವರು ಟ್ರೈಲರ್ ಒಳಗೆ ನೆಲದ ಮೇಲೆ, ಸರಿಯಾಗಿ ಅಚ್ಚಿನ ನೇರಕ್ಕೆ, ಹಳದಿ ಟೇಪ್ ಅಂಟಿಸಿ ಹೋಗಿದ್ದಾರೆ. ಅದರ ಹಿಂದೆ ಹಾಸಿಗೆ, ಬಟ್ಟೆ ಬಿಟ್ಟು ಏನೂ ಇಡುವ ಹಾಗಿಲ್ಲ. ಸೆಪ್ಟೆಂಬರ್‌ನಲ್ಲಿ ಬ್ಯಾಕ್‌ಬೋನ್ ಪಾರ್ಕಿಗೆ ಹೋಗುತ್ತಿದ್ದೇವೆ. ಈ ಸಲ ಎರಡು ಸೈಕಲ್ ಬರುತ್ತಿವೆ. ಅಂಗಡಿಯವರು ಟ್ರೈಲರ್ ಹಿಂದಿನ ಬಂಪರ್‌ಗೆ ರ‍್ಯಾಕ್ ಹಾಕಿಕೊಡುತ್ತೇವೆ ಅಂದರು, ಬೇಡ ಅಂದೆ. ಸೈಕಲ್‌ಗಳನ್ನು ಚಕ್ರ ಬಿಚ್ಚಿ ಟೇಪ್‌ನ ಮುಂದೆ ಮಲಗಿಸಿ, ಹೊರಡುವ ಹಿಂದಿನ ದಿನ ಇನ್ನೊಂದು ಚೀಟಿ ತಗೊಳ್ಳುತ್ತೇನೆ. 350ಕ್ಕೆ ಇನ್ನು ಮೂವತ್ತೇ ಪೌಂಡ್ ಉಳಿದಿರುವುದು.