ಪಾಳುಬಿದ್ದ ತೊಟ್ಟಿ ಮನೆ ತೆಗೆಯಲು ಹೊಸ ಫೋನೋ, ಹಳೇ ಡಿಎಸ್‌ಎಲ್‌ಆರೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್‌ಗೆ. ಕ್ಯಾಮೆರಾ ಚೆನ್ನಾಗಿದೆ ಅಂತಲೇ 48 ಸಾವಿರ ಕೊಟ್ಟು ಫೋನ್ ತಗೊಂಡಿದ್ದೆ. ಅದನ್ನು ಹಿಡಿದುಕೊಂಡು ತೀರ್ಥಹಳ್ಳಿ ಕಡೆಯ ಒಂದು ತೊಟ್ಟಿ ಮನೆಗೆ ಹೋದೆ. ಮನೆಯವರೆಲ್ಲ ಬೆಂಗಳೂರು ಸೇರಿದ್ದಾರೆ, ಬೀಗದ ಕೈ ಪಕ್ಕದ ಮನೆಯ ಅಜ್ಜಿಯ ಹತ್ತಿರ.

ತೊಂದರೆ ಶುರುವಾಗುವುದು ಒಳಗೆ ಕಾಲಿಟ್ಟ ಮೇಲೆ. ತೊಟ್ಟಿಗೆ ಮೇಲಿಂದ ಬಿಸಿಲು ಸುರಿಯುತ್ತಿರುತ್ತದೆ, ಸುತ್ತಲಿನ ಜಗಲಿಯಲ್ಲಿ ಕತ್ತಲು. ಫೋನು ಹಲವು ಫ್ರೇಮ್ ತೆಗೆದು, ತಾನೇ ಸೇರಿಸಿ, ಕತ್ತಲನ್ನೆಲ್ಲ ಬೆಳಗಿಸಿಬಿಡುತ್ತದೆ. ಸ್ಕ್ರೀನಿನಲ್ಲಿ ನೋಡಿ ಖುಷಿಪಟ್ಟೆ. ಎ3 ಪ್ರಿಂಟ್ ಹಾಕಿಸಿದಾಗ ಹೊಟ್ಟೆ ಉರಿಯಿತು. ಜಗಲಿಯಲ್ಲಿ ಟ್ಯೂಬ್‌ಲೈಟ್ ಹಾಕಿದ ಹಾಗಿದೆ, ಕಂಬದ ತಲೆಯ ಮೇಲಿನ ಬೋದಿಗೆಯಲ್ಲಿ ಕೆತ್ತಿದ್ದ ಗಿಳಿಯ ಕೊಕ್ಕು, ರೆಕ್ಕೆಯ ಗೀರು, ಉಳಿಯ ಗುರುತು ಎಲ್ಲ ಮೇಣ ಸವರಿದಂತೆ ಕಲಸಿಹೋಗಿದೆ.

ಮತ್ತೆ ತೆಗೆದರಾಯ್ತು ಅಂದುಕೊಂಡೆ. ಏಳು ತಿಂಗಳು ಬಿಟ್ಟು ಹೋದರೆ ಮಾಡು ಬಿಚ್ಚಿದ್ದರು, ಕಂಬಗಳನ್ನು ಯಾವುದೋ ರೆಸಾರ್ಟಿಗೆ ಮಾರಿದರಂತೆ. ಆ ಗಿಳಿ ನನ್ನ ಹತ್ತಿರ ಉಳಿದಿರುವುದು ಮೇಣದ ಮುದ್ದೆಯಾಗಿಯೇ. ಇವತ್ತಿಗೂ ಸಂಕಟವಾಗುತ್ತದೆ.

ಆವತ್ತು ಅಂಗಳದಲ್ಲಿ ಹಂಚು ಪೇರಿಸಿಟ್ಟಿದ್ದರು. ಒಂದನ್ನು ಮಗುಚಿದರೆ ಬಾಸೆಲ್ ಮಿಷನ್, 1865 ಅಂತ ಅಚ್ಚು. ಅದು ಆ ಕ್ರೈಸ್ತ ಮಿಷನರಿ ಸಂಸ್ಥೆಯ ಮಂಗಳೂರಿನ ಹಂಚಿನ ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷ ಅಲ್ಲ. ಇಂಥ ಹತ್ತಿರದ ಫೋಟೊ ಹೊರಗಿನ ಬೆಳಕಲ್ಲಿ ಫೋನಿನಲ್ಲೇ ಚೆನ್ನಾಗಿ ಬರುತ್ತದೆ, ಆ ಮಾತು ಒಪ್ಪಬೇಕು.

ಆಮೇಲೆ ಕ್ಯಾನನ್ 200ಡಿ ಅನ್ನುವ ಡಿಎಸ್‌ಎಲ್‌ಆರ್, ಅಗಲ ನೋಟದ 10-18 ಎಂಎಂ ಲೆನ್ಸ್, ಟ್ರೈಪಾಡ್ ಎಲ್ಲ ಸೇರಿ 36 ಸಾವಿರಕ್ಕೆ ಹಳೇದು ಸಿಕ್ಕಿತು. ಕೊಪ್ಪದ ಹತ್ತಿರದ ಮನೆಯಲ್ಲಿ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100, ಲೆನ್ಸಿನ ಕಿಂಡಿ ಎಫ್/8 ಇಟ್ಟು ಮೂರು ಸಲ ತೆಗೆದೆ: ತೊಟ್ಟಿಯ ಬಿಸಿಲಿಗೊಂದು, ಜಗಲಿಗೆ ನಾಲ್ಕು ಸೆಕೆಂಡಿನದ್ದೊಂದು, ನಡುವಿನದ್ದೊಂದು. ಮನೆಗೆ ಬಂದು ಮೂರನ್ನೂ ಸೇರಿಸುವಾಗ ಎಷ್ಟು ಕತ್ತಲು ಉಳಿಯಬೇಕು ಅಂತ ನಾನೇ ತೀರ್ಮಾನಿಸಿದೆ. ದಾರಂದದಲ್ಲಿ ಗೆದ್ದಲು ಹತ್ತಿದ ಮಣ್ಣಿನ ಗೆರೆ ಕೂಡ ಎಣಿಸುವ ಹಾಗೆ ಬಂದಿದೆ. ಅಂಚಿನ ಕಂಬ ಎಳೆದಂತಾಗುವುದು ಇದರಲ್ಲೂ ಇದೆ, ಆದರೆ ಲೆನ್ಸನ್ನು 14 ಎಂಎಂಗೆ ತಂದು ಕ್ಯಾಮೆರಾ ಮಟ್ಟವಾಗಿ ಕೂರಿಸಿದರೆ ಕಂಬ ನೆಟ್ಟಗೆ ನಿಲ್ಲುತ್ತದೆ.

ಭಾರ ಜಾಸ್ತಿ. ಮಲೆನಾಡಿನ ಥಂಡಿಗೆ ಲೆನ್ಸಿನಲ್ಲಿ ಫಂಗಸ್ ಬರದಂತೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಬೇಕು.

ನಾನು ಭಾನುವಾರ ಬಸ್ಸಿನಲ್ಲಿ ಹೋಗಿ ಒಂದೇ ಮನೆಗೆ ಇಡೀ ದಿನ ಕೊಡುವವನು, ಪ್ರಿಂಟ್ ಹಾಕಿಸಿ ಆ ಮನೆಯವರಿಗೂ ಒಂದು ಕಳಿಸುತ್ತೇನೆ. ಹಾಗಾಗಿ ನನಗೆ ಇದೇ ಸರಿ. ನಿಮ್ಮದು ಮನೆಯವರ ವಾಟ್ಸಾಪ್ ಗ್ರೂಪಿಗೆ ಮಾತ್ರ ಅಂದ್ರೆ ಸುಮ್ನೆ ದುಡ್ಡು ಹಾಕಬೇಡಿ, ಕೈಯಲ್ಲಿರುವ ಫೋನೇ ಸಾಕು. ಮಳೆ ಹಿಡಿಯುವ ಮುಂಚೆ ನನಗೆ ಇನ್ನೆರಡು ಮನೆ ಬಾಕಿ ಇವೆ, ಒಂದರಲ್ಲಿ ಅಡುಗೆಮನೆ ಮೇಲಿನ ಹಂಚು ಆಗಲೇ ಜಾರಿದೆ.