ಬಣ್ಣಕ್ಕೊಂದು ಬುಟ್ಟಿಯೋ, ತೂಕಕ್ಕೊಂದು ಬುಟ್ಟಿಯೋ?

ನಮ್ಮ ಮನೆಯಲ್ಲಿ ಐದು ಜನ. ಏಳು ಕೆಜಿಯ ಫ್ರಂಟ್ ಲೋಡ್ ಮಷೀನ್ ಒಂದು, ಟೆರೇಸಿನಲ್ಲಿ ನಮ್ಮ ಪಾಲಿಗೆ ಎರಡು ಹಗ್ಗ. ಎಷ್ಟು ಒಗೆಯಬೇಕು ಅಂತ ಹೇಳುವುದು ಮಷೀನ್ ಅಲ್ಲ, ಆ ಹಗ್ಗ. ಈ ವರ್ಷ ಮೂರು ಪದ್ಧತಿಗಳನ್ನು ಒಂದೊಂದು ತಿಂಗಳು ಮಾಡಿ ನೋಡಿದೆ.

ಮೊದಲನೆಯದು ಅತ್ತೆಯದು. ಅಂದಿನ ಬಟ್ಟೆ ಅಂದೇ. ಬೆವರು ಬಟ್ಟೆ ಬುಟ್ಟಿಯಲ್ಲಿ ಕೂತು ಮುಗ್ಗಲು ವಾಸನೆ ಬರಲ್ಲ, ಅದು ನಿಜ. ಆದರೆ ವಾರಕ್ಕೆ ಏಳು ಸಲ ಮಷೀನ್ ಓಡಿತು. ಬಟ್ಟೆ ಅರ್ಧ ಇದ್ದರೆ ನೀರು ಸ್ವಲ್ಪ ಕಡಿಮೆ ತಗೊಳ್ಳುತ್ತೆ ನಿಜ, ಆದರೆ ಅರ್ಧಕ್ಕೆ ಇಳಿಯಲ್ಲ. ಇನ್ನೊಂದು ಕಾಟ ಹಿಂಡುವಾಗ. ನಾಲ್ಕು ಅಂಗಿ, ಒಂದು ಟರ್ಕಿ ಟವೆಲ್ ಅಷ್ಟೇ ಇದ್ದರೆ ನೆನೆದ ಟವೆಲ್ ಒಂದೇ ಕಡೆ ಮುದ್ದೆಯಾಗಿ ಕೂರುತ್ತೆ. ಮಷೀನ್ ಧಡಧಡ ಅಂದು ನಿಲ್ಲುತ್ತೆ, ಮತ್ತೆ ಶುರು ಮಾಡುತ್ತೆ, ಮತ್ತೆ ನಿಲ್ಲುತ್ತೆ. ಪರದೆಯ ಮೇಲೆ ‘9 ನಿಮಿಷ’ ಅಂತಲೇ ಇರುತ್ತೆ. ಎಲ್ಲ ಒಟ್ಟಿಗೆ ಹಾಕುವ ಈ ತಿಂಗಳಲ್ಲೇ ನನ್ನ ಹೊಸ ಮೆರೂನ್ ನೈಟಿ ಬಣ್ಣ ಬಿಟ್ಟು, ನಮ್ಮನೆಯವರ ಮೂರು ಬನಿಯನ್ ಗುಲಾಬಿ ಆದವು.

ಆ ಸಿಟ್ಟಿಗೇ ಮುಂದಿನ ತಿಂಗಳು ಬಣ್ಣದ ಲೆಕ್ಕ. ಬಿಳಿ, ಗಾಢ, ಉಳಿದದ್ದು ಅಂತ ಮೂರು ಬುಟ್ಟಿ. ನೋಡೋಕೆ ಚೆಂದ. ಬಿಳಿ ಬುಟ್ಟಿ ಮಾತ್ರ ತುಂಬಲೇ ಇಲ್ಲ. ಮಗನಿಗೆ ಶನಿವಾರ ಬಿಳಿ ಯೂನಿಫಾರ್ಮ್ ಬೇಕು, ಹಾಗಾಗಿ ಶುಕ್ರವಾರ ರಾತ್ರಿ ಕಾಲು ಡ್ರಮ್ ಬಟ್ಟೆಗೆ ಮಷೀನ್ ಹಾಕಬೇಕಾಯಿತು. ಗಾಢ ಬುಟ್ಟಿಯಲ್ಲಿ ಜೀನ್ಸೂ ಇತ್ತು, ದುಪಟ್ಟಾನೂ ಇತ್ತು. ದುಪಟ್ಟಾ ಒಂದು ಗಂಟೆಗೆ ಒಣಗಿತು. ಜೀನ್ಸ್ ಮರುದಿನ ಸಂಜೆವರೆಗೆ ಹಗ್ಗ ಬಿಡಲಿಲ್ಲ.

ಮನೆಮಂದಿಗೆ ಒಬ್ಬೊಬ್ಬರಿಗೆ ಒಂದು ಬುಟ್ಟಿ ಅಂತಲೂ ನಡುವೆ ಒಂದು ವಾರ ಮಾಡಿದೆ. ಮಡಚೋಕೆ ಸುಲಭ, ಅಷ್ಟೇ.

ಮೂರನೆಯದು ತೂಕ. ದಪ್ಪ ಬಟ್ಟೆ ಒಂದು ಕಡೆ, ತೆಳು ಬಟ್ಟೆ ಒಂದು ಕಡೆ. ತೂಕದ ಯಂತ್ರದ ಮೇಲೆ ನಾನೇ ಬಟ್ಟೆ ಹಿಡಿದು ನಿಂತು, ನನ್ನ ತೂಕ ಕಳೆದು ನೋಡಿದೆ. (ನನ್ನ ತೂಕ ಬಿಡಿ.) ನಾಲ್ಕು ಜೀನ್ಸ್, ನಾಲ್ಕು ಟವೆಲ್, ಒಂದು ಡಬಲ್ ಬೆಡ್‌ಶೀಟ್ ಸೇರಿದರೆ ಹತ್ತಿರ ಹತ್ತಿರ ಆರು ಕೆಜಿ. ಒಂದು ಕಾಟನ್ ಅಂಗಿ 200 ಗ್ರಾಂ ಆಸುಪಾಸು. ಏಳು ಕೆಜಿ ಅನ್ನುವುದು ಒಣ ಬಟ್ಟೆಯ ತೂಕ, ಅದೂ ಕಾಟನ್ ಪ್ರೋಗ್ರಾಮಿಗೆ. ಸಿಂಥೆಟಿಕ್‌ಗೆ, ಬೇಗ ಮುಗಿಯುವ ಪ್ರೋಗ್ರಾಮಿಗೆ ಅದಕ್ಕಿಂತ ಬಹಳ ಕಡಿಮೆ ಹಾಕಬೇಕು. ಇದು ಗೊತ್ತಿಲ್ಲದೆ ಒಂದು ಸಲ ತುರುಕಿ ತುರುಕಿ ಹಾಕಿದ್ದೆ. ಕಪ್ಪು ಪ್ಯಾಂಟಿನ ಮಡಿಕೆಯಲ್ಲೆಲ್ಲ ಪೌಡರಿನ ಬಿಳಿ ಗೆರೆ. ನಮ್ಮದು ಬೋರ್‌ವೆಲ್ ಗಡಸು ನೀರು ಬೇರೆ. ಈಗ ಬಟ್ಟೆ ಹಾಕಿದ ಮೇಲೆ ಡ್ರಮ್ಮಿನ ಮೇಲ್ಭಾಗದಲ್ಲಿ ಅಂಗೈ ನೆಟ್ಟಗೆ ನಿಲ್ಲಿಸಿ ನೋಡುತ್ತೇನೆ. ಕೈ ಹಿಡಿಸಿದರೆ ಸರಿ, ಇಲ್ಲದಿದ್ದರೆ ಎರಡು ಬಟ್ಟೆ ಆಚೆ.

ಹಾಗಾದರೆ ಬಣ್ಣ? ಹೊಸ ಬಟ್ಟೆಯ ಒಂದು ಮೂಲೆ ಒದ್ದೆ ಮಾಡಿ, ಬಿಳಿ ಕರ್ಚೀಫಿನ ಮೇಲೆ ಒತ್ತಿ ನೋಡುತ್ತೇನೆ. ಕಲೆ ಬಿದ್ದರೆ ಅದು ಬಕೆಟ್ಟಿಗೆ. ಬಿಳಿ ಯೂನಿಫಾರ್ಮೂ ಬಕೆಟ್ಟಿಗೇ. ಕಾಲರ್‌ಗೆ ಬಾರ್ ಸೋಪು ಉಜ್ಜಿ ಬ್ರಷ್ ಹಾಕುವುದು ಹೇಗೂ ತಪ್ಪಲ್ಲ. ಬನಿಯನ್‌ಗಳು ಮೊದಲಿನಷ್ಟು ಬೆಳ್ಳಗಿಲ್ಲ, ಒಪ್ಪುತ್ತೇನೆ. ಹಾಕಿಕೊಳ್ಳುವವರು ಇನ್ನೂ ಗಮನಿಸಿಲ್ಲ.

ಏಳು ಸಲ ಇದ್ದದ್ದು ನಾಲ್ಕಕ್ಕೆ ಇಳಿದಿದೆ. ನಾನು ಇದರಲ್ಲೇ ಉಳಿದಿದ್ದೇನೆ, ಜಡಿಮಳೆ ಹಿಡಿದ ದಿನಗಳನ್ನು ಬಿಟ್ಟು. ಆಗ ಪೂರ್ತಿ ದಪ್ಪ ಬಟ್ಟೆ ಹಾಕಿದರೆ ಹಾಲಿನ ಕುರ್ಚಿಗಳೆಲ್ಲ ಜೀನ್ಸ್ ಹೊದ್ದುಕೊಂಡು ಫ್ಯಾನಿನ ಕೆಳಗೆ ಎರಡು ದಿನ ನಿಂತಿರುತ್ತವೆ. ಅಂಥ ವಾರ ಒಂದು ಸಲಕ್ಕೆ ಎರಡೇ ಜೀನ್ಸ್, ಉಳಿದ ಜಾಗಕ್ಕೆ ಅಂಗಿ.