ಚಳಿಗೆ ಕುಂಟುವ ಡೀಸೆಲ್ ಜೀಪು: ಬಾಟಲಿ, ನಾಜಲ್, ಹೀಟರ್ ಪ್ಲಗ್

ಮೂಡಿಗೆರೆ ಕಡೆ ಕಾಫಿ ಕೊಯ್ಲು ಶುರುವಾಯಿತೆಂದರೆ ಬೆಳಗ್ಗೆ ಆರೂವರೆಗೆ ಜೀಪು ಹೊರಡಲೇಬೇಕು. ಕೆಲಸದವರು ರಸ್ತೆಯಲ್ಲಿ ಕಾಯುತ್ತಿರುತ್ತಾರೆ. ಕಳೆದ ಡಿಸೆಂಬರಿನಲ್ಲಿ ನಮ್ಮ ನಾಲ್ಕು ಸಿಲಿಂಡರಿನ ಹಳೆಯ ಡೀಸೆಲ್ ಜೀಪು ಐದಾರು ಸಲ ಸೆಲ್ಫ್ ಹೊಡೆದ ಮೇಲೆ ಎದ್ದು, ಮೂರು ನಿಮಿಷ ಗಡಗಡ ನಡುಗುತ್ತಾ ಕುಂಟುತ್ತಿತ್ತು. ಅಂಗಳದ ತುಂಬ ಕಣ್ಣು ಉರಿಸುವ ಬಿಳಿ ಹೊಗೆ. ಮೂರು ದಾರಿ ನೋಡಿದೆ. ಗೆದ್ದದ್ದು ಹೀಟರ್ ಪ್ಲಗ್, ಅಂದರೆ ಸೆಲ್ಫ್ ಹೊಡೆಯುವ ಮುನ್ನ ಸಿಲಿಂಡರಿನ ಒಳಗನ್ನು ಕಾಯಿಸುವ ಪುಟ್ಟ ಕಡ್ಡಿ. ಅದನ್ನೇ ಮೊದಲು ಪರೀಕ್ಷಿಸಬೇಕಿತ್ತು.

ಡೀಸೆಲ್‌ಗೆ ಬೆರೆಸಲು ಟ್ಯಾಂಕಿಗೆ ಸುರಿಯುವ ದ್ರವದ ಬಾಟಲಿಗೆ 450 ರೂಪಾಯಿ ಕೊಟ್ಟೆ. ಎರಡು ಟ್ಯಾಂಕ್ ಓಡಿದರೂ ಬೆಳಗಿನ ಹೊಗೆ ಒಂದಿಷ್ಟೂ ತಗ್ಗಲಿಲ್ಲ.

ಸಿಲಿಂಡರಿನೊಳಗೆ ಡೀಸೆಲ್ ಸಿಂಪಡಿಸುವ ಮೂತಿಯಾದ ನಾಜಲ್ ಕೆಲಸಕ್ಕೆ 5,200 ರೂಪಾಯಿ ಆಯಿತು. ಆ ಹಣ ವ್ಯರ್ಥವಾಯಿತು ಎನ್ನಲಾರೆ. ಬೆಂಚಿನ ಮೇಲೆ ಕೈಪಂಪು ಒತ್ತಿದಾಗ ಮೂರು ನಾಜಲ್‌ಗಳು ಮಂಜಿನಂತೆ ಸಿಂಪಡಿಸಿದವು, ನಾಲ್ಕನೆಯದು ತೊಟ್ಟಿಕ್ಕಿತು. ಅದನ್ನು ಬದಲಿಸಿದ ಮೇಲೆ ಏರಿನಲ್ಲಿ ಕಾರುತ್ತಿದ್ದ ಕಪ್ಪು ಹೊಗೆ ಇಳಿಯಿತು. ಆದರೆ ಮರುದಿನ ಬೆಳಗ್ಗೆ ಅದೇ ಬಿಳಿ ಹೊಗೆ, ಅದೇ ಕುಂಟಾಟ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ. ಒತ್ತಿ ಕಾದ ಗಾಳಿಯೇ ಇಂಧನವನ್ನು ಹೊತ್ತಿಸಬೇಕು. ತಣ್ಣಗಿರುವ ಕಬ್ಬಿಣ ಆ ಕಾವನ್ನು ಹೀರಿಕೊಂಡರೆ ಸುಡದ ಡೀಸೆಲ್ ಬಿಳಿ ಹೊಗೆಯಾಗಿ ಹೊರಬೀಳುತ್ತದೆ. ಮಧ್ಯಾಹ್ನ ಮೊದಲ ಸೆಲ್ಫಿಗೇ ಜೀಪು ಎದ್ದಾಗಲೇ ನನಗೆ ಇದು ಹೊಳೆಯಬೇಕಿತ್ತು.

ದಾರಿ ತಪ್ಪಿಸಿದ್ದು ಡ್ಯಾಶ್‌ಬೋರ್ಡಿನಲ್ಲಿ ಹೀಟರ್ ಪ್ಲಗ್ಗಿಗೆಂದು ಇರುವ ಸುರುಳಿ ಗುರುತಿನ ದೀಪ. ಅದು ಎಂದಿನಂತೆ ಹತ್ತಿ ಆರುತ್ತಿತ್ತು. ನಮ್ಮ ಜೀಪಿನಲ್ಲಿ ಆ ದೀಪ ಹೇಳುವುದು ಟೈಮರಿನ ಲೆಕ್ಕವನ್ನು ಮಾತ್ರ, ಪ್ಲಗ್ಗುಗಳ ಸ್ಥಿತಿಯನ್ನಲ್ಲ. ನಾಲ್ಕನ್ನೂ ಕೂಡಿಸುವ ಪಟ್ಟಿ ಬಿಚ್ಚಿ, ಮೀಟರಿನ ಒಂದು ಕಡ್ಡಿಯನ್ನು ಪ್ಲಗ್ಗಿನ ತಲೆಗೂ ಇನ್ನೊಂದನ್ನು ಎಂಜಿನ್ ಮೈಗೂ ಹಿಡಿದೆ. ಎರಡು ಪ್ಲಗ್ ಒಂದು ಓಮ್‌ಗಿಂತ ಕಡಿಮೆ ತೋರಿಸಿದವು, ಅಂದರೆ ಸರಿ ಇವೆ. ಉಳಿದೆರಡರಲ್ಲಿ ವಿದ್ಯುತ್ ಹರಿಯುತ್ತಲೇ ಇರಲಿಲ್ಲ. ಎರಡು ಸಿಲಿಂಡರ್ ಹೊತ್ತಿಕೊಂಡು, ಎರಡು ತಣ್ಣಗೆ ಕುಳಿತರೆ ಎಂಜಿನ್ ಕುಂಟದೆ ಇನ್ನೇನು ಮಾಡೀತು?

ಹೊಸ ನಾಲ್ಕಕ್ಕೆ 1,800 ರೂಪಾಯಿ. ನಿಜವಾಗಿ ಕಾಡಿದ್ದು ಹಳೆಯದನ್ನು ಬಿಚ್ಚುವ ಕೆಲಸ. ಮೂರು ಸಲೀಸಾಗಿ ಬಂದವು. ಒಂದು ಮಸಿ ಕಟ್ಟಿ ಹೆಡ್ಡಿನಲ್ಲಿ, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳದಲ್ಲಿ, ಕಚ್ಚಿಕೊಂಡಿತ್ತು. ಜೋರು ಮಾಡಿದರೆ ಪ್ಲಗ್ ಒಳಗೇ ಮುರಿಯಬಹುದು. ಆಮೇಲೆ ಹೆಡ್ ಇಳಿಸುವ ಪಾಡೂ ಬರಬಹುದು. ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಸಿದೆ. ಬೆಳಗ್ಗೆ ಎಂಜಿನ್ ಬಿಸಿ ಮಾಡಿ, ಸ್ಪ್ಯಾನರ್ ಕಾಲು ಸುತ್ತು ಸಡಿಲಿಸಿ, ಮತ್ತೆ ಅಷ್ಟೇ ಬಿಗಿದು, ಇನ್ನಷ್ಟು ಎಣ್ಣೆ ಬಿಟ್ಟೆ. ಕಿರ್ರೆನ್ನುವ ಸದ್ದಾದಾಗಲೆಲ್ಲ ಉಸಿರು ಬಿಗಿಹಿಡಿದು ಕೈ ನಿಲ್ಲಿಸಿದೆ. ಮುಕ್ಕಾಲು ಗಂಟೆ ಹಿಡಿಯಿತು, ಆದರೆ ಇಡಿಯಾಗಿ ಬಂತು. ತುದಿ ಊದಿಕೊಂಡು ಬಿರುಕು ಬಿಟ್ಟಿತ್ತು.

ಮರುದಿನ 13 ಡಿಗ್ರಿ ಚಳಿ. ದೀಪ ಆರುವವರೆಗೆ ಕಾದು ಸೆಲ್ಫ್ ಹೊಡೆದೆ. ಒಂದೇ ಸಲಕ್ಕೆ ಎದ್ದು ಸಮನಾಗಿ ಓಡಿತು.

ಎಂಜಿನ್ ಎಬ್ಬಿಸಲು ಸಿಂಪಡಿಸುವ, ಈಥರ್ ಇರುವ ಸ್ಟಾರ್ಟಿಂಗ್ ಸ್ಪ್ರೇ ಮುಟ್ಟಲಿಲ್ಲ. ಕಾದ ಹೀಟರ್ ಪ್ಲಗ್ಗಿಗೆ ಈಥರ್ ತಗುಲಿದರೆ ಹೊತ್ತಬಾರದ ಗಳಿಗೆಯಲ್ಲಿ ಹೊತ್ತಿ ಎಂಜಿನ್ ಒಡೆಯಬಹುದು.

ದಿನಾ ನಸುಕಿನಲ್ಲಿ ಗಾಡಿ ತೆಗೆಯುವ, ಮನೆಯಲ್ಲೇ ಸ್ಪ್ಯಾನರ್ ಹಿಡಿಯುವ ನನ್ನಂಥವರಿಗೆ ಹೀಟರ್ ಪ್ಲಗ್ಗೇ ಮೊದಲು. ಮಂಗಳೂರಿನ ಸೆಕೆಯಲ್ಲಿ ಹತ್ತು ಗಂಟೆಗೆ ಹೊರಡುವ ಗಾಡಿಯೂ ಕುಂಟುತ್ತಿದ್ದರೆ ನಾಜಲ್ ಅಂಗಡಿಗೇ ಹೋಗಿ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ಡಿನ ಅಡಿಯ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್ ನೋಡಿಸಿ.